ಹಿಂದಿನ ಭಾರ

ದಿವ್ಯಶ್ರೀ ತೀರಿಕೊಂಡು ಹನ್ನೊಂದು ವಾರವಾದ ಮೇಲೆ ಅವಳ ಸೈಕಲ್ಲು ಮನೆಗೆ ಬಂತು. ಠಾಣೆಯ ಕಾಗದಪತ್ರಗಳೆಲ್ಲ ಮುಗಿದವು ಎಂದು ಫೋನ್ ಬಂದಿತ್ತು. ಅವಳ ಅಪ್ಪ ರಾಮಯ್ಯ ಬೆಳಗಿನ ಬಸ್ಸಿಗೆ ಹೋಗಿ, ಕೊಪ್ಪದ ಕಡೆಯಿಂದ ಭದ್ರಾವತಿಗೆ ಬರುತ್ತಿದ್ದ ಪಿಕಪ್ ಗಾಡಿಯೊಂದರಲ್ಲಿ ಅದನ್ನು ಹಾಕಿಸಿಕೊಂಡು ಬಂದ. ಕಾಗದನಗರದ ಪಕ್ಕದ ಬೀದಿಯಲ್ಲಿ ಅವರದು ಎರಡು ಕೋಣೆಯ ಬಾಡಿಗೆ ಮನೆ. ಗಾಡಿ ನಿಂತ ಸದ್ದಿಗೆ ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಇಳಿಯುತ್ತಿರುವುದು ಏನೆಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ಒಳಗೆ ಹೋದರು. ರಾಮಯ್ಯ ಸೈಕಲ್ಲನ್ನು ಹೆಗಲ ಮೇಲಿಟ್ಟುಕೊಂಡು ಹಿತ್ತಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿಗೆ ಒರಗಿಸಿದ. ಸೊಟ್ಟಗಾಗಿ ಕಳಚಿ ಬಂದಿದ್ದ ಮುಂದಿನ ಚಕ್ರವನ್ನು ಪಕ್ಕದಲ್ಲಿಟ್ಟ. ಮೂರು ಬ್ಯಾಗುಗಳನ್ನು ಹೆಂಡತಿಯ ಕೈಗೆ ಕೊಟ್ಟು, ಕಾಫಿಯನ್ನೂ ಕುಡಿಯದೆ ಅಕ್ಕಿ ಗೋದಾಮಿನ ವಾಚ್‌ಮನ್ ಕೆಲಸಕ್ಕೆ ಹೊರಟುಹೋದ.

ಉಚ್ಚಂಗಮ್ಮ ಆ ಬ್ಯಾಗುಗಳನ್ನು ಮುಂದಿಟ್ಟುಕೊಂಡು ನಡುಮನೆಯಲ್ಲಿ ಕೂತಳು. ಒಂದು ತ್ರಿಕೋನದ್ದು, ಸೈಕಲ್ಲಿನ ಕಂಬಿಗಳ ನಡುವೆ ಕೂರುವಂಥದ್ದು. ಒಂದು ಸೀಟಿನ ಕೆಳಗೆ ಹಿಂದಕ್ಕೆ ಚಾಚಿಕೊಳ್ಳುವ ಉದ್ದನೆಯದು. ಇನ್ನೊಂದು ಹ್ಯಾಂಡಲ್ಲಿಗೆ ಕಟ್ಟುವ ಸುರುಳಿ. ಎಲ್ಲದರ ಮೇಲೂ ಕೆಂಪು ಮಣ್ಣು ಒಣಗಿ ಹೋಗಿತ್ತು. ಜಿಪ್ಪು ಎಳೆದು ಒಂದೊಂದೇ ತೆಗೆದಳು. ಎರಡು ಟೀ ಶರ್ಟು, ಗಾಳಿಗೆ ಹಾರುವಷ್ಟು ತೆಳ್ಳಗಿನ ಒಂದು ಜಾಕೆಟ್ಟು, ಒಂದು ಟ್ಯೂಬು, ಅಂಗೈಯುದ್ದದ ಪಂಪು, ಅವಳ ಫೋನು, ಮುದುಡಿದರೆ ಒಂದು ಚೊಂಬಿನಷ್ಟಾಗುವ ಮಲಗುವ ಚೀಲ. ಹಲ್ಲುಜ್ಜುವ ಬ್ರಷ್ಷು ಅರ್ಧ ಮುರಿದಿತ್ತು. ಬಿದ್ದ ಹೊಡೆತಕ್ಕೆ ಮುರಿದಿರಬೇಕು ಎಂದುಕೊಂಡು ಅವಳು ಉಳಿದರ್ಧಕ್ಕಾಗಿ ಮೂರೂ ಬ್ಯಾಗನ್ನು ಕೊಡವಿ ಹುಡುಕಿದಳು. ಸಿಗಲಿಲ್ಲ.

ಅವಳು ನಿಜವಾಗಿ ಹುಡುಕುತ್ತಿದ್ದದ್ದು ಬೇರೆ ಮೂರು ಸಾಮಾನುಗಳನ್ನು. ಎರಡು ಲೀಟರಿನ ಕುಕ್ಕರು, ಒಂದು ಕರಿ ಕಂಬಳಿ, ಎಳ್ಳುಂಡೆ ತುಂಬಿದ ಸ್ಟೀಲ್ ಡಬ್ಬಿ. ಮೂರರಲ್ಲಿ ಒಂದೂ ಇರಲಿಲ್ಲ. ಠಾಣೆಯವರು ಕೊಟ್ಟ ಪಟ್ಟಿಯಲ್ಲೂ ಅವುಗಳ ಹೆಸರಿರಲಿಲ್ಲ.

ಆ ಸಾಮಾನುಗಳನ್ನು ಮಗಳ ಸೈಕಲ್ಲಿಗೆ ಹೊರಿಸಿದವಳು ಅವಳೇ.

ದಿವ್ಯಶ್ರೀಗೆ ಇಪ್ಪತ್ತಾರು ವರ್ಷ. ಶಿವಮೊಗ್ಗದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮೊದಲು ಬಸ್ಸಿನಲ್ಲಿ ಹೋಗಿಬರುತ್ತಿದ್ದವಳು, ಮೂರು ವರ್ಷದ ಹಿಂದೆ ಒಂದು ಸೈಕಲ್ಲು ಕೊಂಡು ಅದರಲ್ಲೇ ಓಡಾಡತೊಡಗಿದಳು. ಆಮೇಲೆ ಭಾನುವಾರಗಳಲ್ಲಿ ಗಾಜನೂರಿನ ಡ್ಯಾಮಿನವರೆಗೆ. ಆಮೇಲೆ ಎರಡು ದಿನ, ಮೂರು ದಿನದ ದೂರಗಳು. ಈ ಸಲ ಗಣರಾಜ್ಯೋತ್ಸವದ ರಜೆ ಸೇರಿಸಿ ಐದು ದಿನ, ಒಬ್ಬಳೇ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸುತ್ತಿ ಬರುವುದೆಂದು ಲೆಕ್ಕ ಹಾಕಿದ್ದಳು. ಹೊರಡುವ ಹಿಂದಿನ ಸಂಜೆ ಇದೇ ನಡುಮನೆಯಲ್ಲಿ ಸಾಮಾನುಗಳನ್ನೆಲ್ಲ ಹರಡಿಕೊಂಡು, ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿ ಒಳಗಿಡುತ್ತಿದ್ದಳು. ಶಾಲೆಯ ಅಡುಗೆ ಕೆಲಸದಿಂದ ಬಂದು ಬಾಗಿಲ ಬಳಿ ನಿಂತು ನೋಡುತ್ತಿದ್ದ ಉಚ್ಚಂಗಮ್ಮನಿಗೆ ತಡೆಯಲಾಗಲಿಲ್ಲ.

"ಇಷ್ಟೇನಾ? ಐದು ದಿನಕ್ಕೆ ಹೋಗ್ತಿದೀಯ. ನಮ್ ಸ್ಕೂಲ್ ಮಕ್ಕಳೇ ಇದಕ್ಕಿಂತ ಜಾಸ್ತಿ ಹೊತ್ಕೊಂಡು ಬರ್ತಾರೆ."

"ಅಮ್ಮ, ಸೈಕಲ್ ಟೂರಲ್ಲಿ ಬೇರೆ ಬೇರೆ ಥರ ಇದೆ ಕಣಮ್ಮ. ಇಡೀ ಮನೆ ಕಟ್ಕೊಂಡು ಹೋಗೋರೇ ಬೇರೆ. ನಂದು ಹಗುರದ್ದು. ಕಮ್ಮಿ ಹೊರೋದು, ಜಾಸ್ತಿ ದೂರ ಹೋಗೋದು."

"ಮನೆ ಕಟ್ಕೊಂಡು ಹೋಗೋರು ಏನೇನು ತಗೊಂಡ್ ಹೋಗ್ತಾರೆ?"

"ಟೆಂಟು, ಸ್ಟವ್ವು, ಪಾತ್ರೆ, ಅಕ್ಕಿ, ಬೇಳೆ, ಎಲ್ಲಾ."

ಮಗಳು ಆ ಮಾತನ್ನು ಹೇಳಬಾರದಿತ್ತು. ಉಚ್ಚಂಗಮ್ಮ ಸರಸರನೆ ಅಡುಗೆಮನೆಗೆ ಹೋಗಿ ಕುಕ್ಕರು ಇಳಿಸಿದಳು. ಅದರೊಳಗೆ ಒಂದು ಪೊಟ್ಟಣ ಅಕ್ಕಿ, ಒಂದು ಪೊಟ್ಟಣ ತೊಗರಿಬೇಳೆ, ಉಪ್ಪು, ಖಾರದಪುಡಿ ತುಂಬಿದಳು. ಪೆಟ್ಟಿಗೆಯಿಂದ ಕಂಬಳಿ ತೆಗೆದಳು. ಸಂಕ್ರಾಂತಿಗೆ ತಂದು ಉಳಿದಿದ್ದ ಎಳ್ಳು ಹುರಿದು, ಹೊಸದಾಗಿ ಉಂಡೆ ಕಟ್ಟಿ ಡಬ್ಬಿಗೆ ಹಾಕಿದಳು.

"ಸ್ಟವ್ವೇ ಇಲ್ವಲ್ಲಮ್ಮ, ಕುಕ್ಕರ್ ತಗೊಂಡು ಏನ್ಮಾಡ್ಲಿ?"

"ದಾರೀಲಿ ಮೂರು ಕಲ್ಲು ಸಿಗಲ್ವಾ ನಿಂಗೆ?"

ಮಗಳು ಮೊದಲು ನಕ್ಕಳು, ಆಮೇಲೆ ಸಿಡುಕಿದಳು, ಕೊನೆಗೆ ಅಮ್ಮನ ಮುಖ ನೋಡಿ ಒಪ್ಪಿಕೊಂಡಳು. ಬೆಳಿಗ್ಗೆ ಸೀಟಿನ ಹಿಂದಿನ ಬ್ಯಾಗಿನ ಮೇಲೆ ಆ ಮೂರನ್ನೂ ಹಳೆ ಟ್ಯೂಬಿನ ಪಟ್ಟಿಗಳಿಂದ ಬಿಗಿದು ಕಟ್ಟಿಕೊಂಡು, "ಸಂತೆಗೆ ಹೊರಟೋಳ ಥರ ಕಾಣ್ತೀನಿ ನೋಡು" ಎಂದು ಹೇಳಿ ಹೊರಟಳು. ಬೀದಿಯ ತುದಿಯಲ್ಲಿ ತಿರುಗುವಾಗ ಸೈಕಲ್ಲು ಒಂದು ಸಲ ಓಲಾಡಿತು. ಉಚ್ಚಂಗಮ್ಮ ಅದನ್ನು ನೋಡಿದ್ದಳು.

ಮೂರನೆಯ ದಿನ ಬೆಳಿಗ್ಗೆ ತೀರ್ಥಹಳ್ಳಿಯಿಂದ ಫೋನ್ ಬಂತು. ರಾಮಯ್ಯನೂ ಕೇಳಲಿ ಎಂದು ಉಚ್ಚಂಗಮ್ಮ ಸ್ಪೀಕರ್ ಹಾಕಿದಳು. "ಈಗ್ತಾನೆ ಎಳ್ಳುಂಡೆ ತಿಂದೆ ಕಣಮ್ಮ. ಎಷ್ಟ್ ಚೆನ್ನಾಗಿದೆ ಗೊತ್ತಾ! ಇನ್ನೂ ನಾಕು ಇಟ್ಕೊಂಡಿದೀನಿ, ಮಧ್ಯಾಹ್ನಕ್ಕೆ" ಎಂದಳು ದಿವ್ಯಶ್ರೀ. ಅದೇ ಕೊನೆಯ ಮಾತು. ಹನ್ನೊಂದು ಗಂಟೆಯ ಹೊತ್ತಿಗೆ ಕೊಪ್ಪ ದಾಟಿದ ಮೇಲಿನ ಒಂದು ಇಳಿಜಾರಿನ ತಿರುವಿನಲ್ಲಿ ಅವಳು ಬಿದ್ದಳು. ಎದುರಿಗೆ ಬಸ್ಸೂ ಇರಲಿಲ್ಲ, ಲಾರಿಯೂ ಇರಲಿಲ್ಲ. ರಸ್ತೆ ಬದಿಯ ಮೋರಿಯ ಕಲ್ಲಿಗೆ ತಲೆ ಬಡಿದಿತ್ತು. ಹೆಲ್ಮೆಟ್ಟು ಎರಡು ಹೋಳಾಗಿತ್ತು. ತೋಟದ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸೊಬ್ಬಳು ದೂರದಿಂದ ನೋಡಿದ್ದಳಂತೆ. "ಸೈಕಲ್ಲು ಅಲ್ಲಾಡ್ತಾ ಅಲ್ಲಾಡ್ತಾ ಬಂತು, ಆಮೇಲೆ ಬಿತ್ತು" ಎಂದಿದ್ದಳು.

ಮಣ್ಣು ಮಾಡಿ ಬಂದ ಮಾರನೆಯ ದಿನ ಮನೆ ತುಂಬ ಜನ ಇರುವಾಗಲೇ ರಾಮಯ್ಯ ಗೋಡೆಗೆ ಒರಗಿಕೊಂಡು ಅಂದ: "ಅಷ್ಟೊಂದು ಭಾರ ಹೊರಿಸಿ ಕಳಿಸ್ದೆಯಲ್ಲೇ. ಅದಕ್ಕೇ ಅಲ್ಲಾಡಿದ್ದು."

ಜೋರಾಗಿ ಅನ್ನಲಿಲ್ಲ. ಮತ್ತೆಂದೂ ಅದನ್ನು ಎತ್ತಲೂ ಇಲ್ಲ. ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಇನ್ನೊಂದೇ ಮಾತು: "ಬೆಳಿಗ್ಗೆ ಅವರಮ್ಮನ ಉಂಡೆ ತಿಂದೇ ಹೊರಟಿದ್ಲು. ನನ್ ಮಗಳು ಹಸ್ಕೊಂಡು ಹೋಗ್ಲಿಲ್ಲ." ಆದರೆ ಉಚ್ಚಂಗಮ್ಮನ ಕಿವಿಯಲ್ಲಿ ಉಳಿದದ್ದು ಮೊದಲನೆಯದು. ಅವಳು ಹದಿನೆಂಟು ವರ್ಷದಿಂದ ಶಾಲೆಯಲ್ಲಿ ಬಿಸಿಯೂಟ ಮಾಡುವವಳು; ಯಾವ ಸಾಮಾನನ್ನು ಕೈಯಲ್ಲಿ ಎತ್ತಿದರೂ ತೂಕ ಹೇಳಿಬಿಡುತ್ತಿದ್ದಳು. ಅಕ್ಕಿ ಬೇಳೆ ತುಂಬಿದ ಕುಕ್ಕರು ಮೂರು ಕೆಜಿ, ಕಂಬಳಿ ಎರಡು, ಡಬ್ಬಿ ಒಂದೂವರೆ. ಆರೂವರೆ ಕೆಜಿ. ಶಾಲೆಯಲ್ಲಿ ಅನ್ನ ಬಸಿಯುವಾಗ, ಸಾರಿಗೆ ಬೇಳೆ ಅಳೆಯುವಾಗ ಆ ಆರೂವರೆ ಕೆಜಿ ಅವಳ ಕೈಗೆ ಬಂದು ಕೂರುತ್ತಿತ್ತು.

ಈಗ ಬ್ಯಾಗುಗಳು ಬಂದಿವೆ, ಆ ಮೂರು ಸಾಮಾನು ಬಂದಿಲ್ಲ. "ಬಿದ್ದ ಜಾಗದಲ್ಲಿ ಯಾರೋ ಎತ್ಕೊಂಡ್ ಹೋಗಿರ್ತಾರೆ, ಬಿಡು" ಎಂದ ರಾಮಯ್ಯ ಮಾರನೆಯ ಬೆಳಿಗ್ಗೆ. ಸತ್ತವಳ ಪಕ್ಕದಿಂದ ಕುಕ್ಕರು ಎತ್ತಿಕೊಂಡು ಹೋಗುವ ಜನ ಫೋನು, ಪಂಪು ಬಿಟ್ಟುಹೋಗುತ್ತಾರೆಯೇ? ಅವಳಿಗೆ ನಂಬಿಕೆಯಾಗಲಿಲ್ಲ. ಆ ಭಾರ ಸೈಕಲ್ಲಿನ ಮೇಲೆ ಇತ್ತೋ ಇಲ್ಲವೋ, ಅಷ್ಟು ಗೊತ್ತಾಗಬೇಕಿತ್ತು.

ಶಾಲೆಗೆ ಬೇಸಿಗೆ ರಜೆ ಶುರುವಾಗಿತ್ತು. ರಾಮಯ್ಯ ಗೋದಾಮಿಗೆ ಹೋದ ಮೇಲೆ ಉಚ್ಚಂಗಮ್ಮ ಸೊಟ್ಟ ಚಕ್ರವನ್ನು ಗೋಣಿಚೀಲದಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು. ಕಂಡಕ್ಟರು, "ಏನಮ್ಮ ಅದು, ಲಗೇಜಾ?" ಎಂದು ಕೇಳಿ, ಚೀಲದಿಂದ ಹೊರಗೆ ಬಂದಿದ್ದ ಮುರಿದ ಕಡ್ಡಿಗಳನ್ನೂ ಅವಳ ಮುಖವನ್ನೂ ನೋಡಿ, ಇನ್ನೇನೂ ಕೇಳದೆ ಮುಂದೆ ಹೋದ.

ದುರ್ಗಿಗುಡಿಯ ಹಿಂದಿನ ಬೀದಿಯಲ್ಲಿ ಷಡಕ್ಷರಪ್ಪನವರ ಸೈಕಲ್ ಅಂಗಡಿ. ಅರವತ್ತು ದಾಟಿದ ಮನುಷ್ಯ. ದಿವ್ಯಶ್ರೀಗೆ ಸೈಕಲ್ಲು ಕೊಡಿಸಿದ್ದು, ದೂರ ಹೋಗುವುದನ್ನು ಕಲಿಸಿದ್ದು, ಭಾನುವಾರದ ಸವಾರಿಗಳಿಗೆ ಕರೆದೊಯ್ದದ್ದು ಎಲ್ಲ ಅವರೇ. ಸಾವಿನ ಮನೆಗೂ ಬಂದು ಮೂಲೆಯಲ್ಲಿ ನಿಂತು ಹೋಗಿದ್ದರು. ಉಚ್ಚಂಗಮ್ಮ ಚೀಲ ಬಿಚ್ಚಿ ಚಕ್ರವನ್ನು ಅವರ ಮುಂದಿಟ್ಟಾಗ ಅವರು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ಸ್ಟೂಲು ಎಳೆದು ಕೊಟ್ಟರು.

"ಯಜಮಾನ್ರೇ, ನಾನು ಓದ್ದೋಳಲ್ಲ. ಒಂದು ವಿಷಯ ಸರಿಯಾಗಿ ಹೇಳಿ. ಹಿಂದ್ಗಡೆ ಭಾರ ಕಟ್ಟಿದ್ರೆ ಸೈಕಲ್ ಬೀಳುತ್ತಾ?"

ಅವರು ಅಂಗಡಿಯೊಳಗೆ ರಿಪೇರಿಗೆ ಬಂದಿದ್ದ ಒಂದು ದಪ್ಪ ಟಯರಿನ ಸೈಕಲ್ಲನ್ನು ತೋರಿಸಿದರು. ಅದರ ಹಿಂದೆ ಎರಡು, ಮುಂದೆ ಎರಡು ಕ್ಯಾರಿಯರ್ ಬ್ಯಾಗು ಜೋತುಬಿದ್ದಿದ್ದವು.

"ಇದನ್ನ ನೋಡಿ ಅಮ್ಮ. ಇವರು ಪುಣೆ ಕಡೆಯೋರು, ಗಂಡ ಹೆಂಡತಿ, ಕನ್ಯಾಕುಮಾರಿಗೆ ಹೊರಟವ್ರೆ. ಟೆಂಟು, ಸ್ಟವ್ವು, ಪಾತ್ರೆ, ಎಲ್ಲಾ ಇದೆ ಇದ್ರಲ್ಲಿ. ಮೂವತ್ತು ಕೆಜಿ ಹೊರುತ್ತೆ. ಯಾಕೆ ಬೀಳಲ್ಲ ಅಂದ್ರೆ, ಫ್ರೇಮು ಗಟ್ಟಿ ಸ್ಟೀಲು, ಚಕ್ರಕ್ಕೆ ಕಡ್ಡಿ ಜಾಸ್ತಿ, ಭಾರ ಕೆಳಗಡೆ ತೂಗುತ್ತೆ, ಮುಂದಕ್ಕಿಷ್ಟು ಹಿಂದಕ್ಕಿಷ್ಟು ಅಂತ ಹಂಚಿರ್ತಾರೆ. ಇವರು ದಿನಕ್ಕೆ ಐವತ್ತು ಅರವತ್ತು ಕಿಲೋಮೀಟ್ರು ಹೋದ್ರೆ ಹೆಚ್ಚು. ನಿಧಾನದ ಜನ. ಕೆರೆ ಕಂಡಲ್ಲಿ ನಿಲ್ತಾರೆ, ದೇವಸ್ಥಾನ ಕಂಡಲ್ಲಿ ಮಲಗ್ತಾರೆ."

"ಎಲ್ರೂ ಹಿಂಗೇನಾ?"

"ಇಲ್ಲ. ನಮ್ಮ ಊರಿನ ಡಾಕ್ಟ್ರುಗಳ ಒಂದು ಗುಂಪಿದೆ. ಅವರ ಹಿಂದೆ ಒಂದು ವ್ಯಾನು ಬರುತ್ತೆ, ಊಟ ತಿಂಡಿ ಬಟ್ಟೆ ಎಲ್ಲಾ ಅದರಲ್ಲಿ. ಅವರ ಸೈಕಲ್ ಮೇಲೆ ನೀರಿನ ಬಾಟ್ಲಿ ಬಿಟ್ರೆ ಏನಿರಲ್ಲ. ಇನ್ನು ಕೆಲವರು ಒಂದು ಜೊತೆ ಬಟ್ಟೆ, ಜೇಬಲ್ಲಿ ಕಾರ್ಡು, ಅಷ್ಟೇ. ಹೋಟ್ಲಲ್ಲಿ ಊಟ, ಲಾಡ್ಜಲ್ಲಿ ನಿದ್ದೆ. ನಿಮ್ಮ ಮಗಳದ್ದು ಇದ್ಯಾವುದೂ ಅಲ್ಲ." ಅವರು ಗೋಡೆಯಲ್ಲಿ ತೂಗಿಹಾಕಿದ್ದ ಗರಗಸವನ್ನು ತೆಗೆದು ಕೈಯಲ್ಲಿ ಹಿಡಿದರು. "ಅವಳು ಎಲ್ಲಾನೂ ಹೊತ್ಕೊಂಡೇ ಹೋಗ್ಬೇಕು, ಆದ್ರೆ ಭಾರ ಇರಬಾರದು ಅನ್ನೋ ಜಾತಿ. ಒಂದು ಶರ್ಟು ಇಡ್ಬೇಕಾದ್ರೂ ಹತ್ತು ಸಲ ಯೋಚಿಸೋಳು. ಹಲ್ಲುಜ್ಜೋ ಬ್ರಷ್ಷಿನ ಹಿಡಿ ಇದೇ ಅಂಗಡೀಲಿ, ಈ ಗರಗಸದಲ್ಲಿ ಕೊಯ್ಕೊಂಡು ಹೋದ್ಲು. ನಾನು ನಕ್ಕೆ. 'ಅಂಕಲ್, ನಗಬೇಡಿ, ಐದು ಗ್ರಾಮ್ ಉಳೀತು' ಅಂದ್ಲು."

ಉಚ್ಚಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಐದು ಗ್ರಾಮು.

"ಹಂಗಾರೆ ಅವಳ ಸೈಕಲ್ಲಿಗೆ ಆರೂವರೆ ಕೆಜಿ ಹಿಂದೆ ಕಟ್ಟಿದ್ರೆ?"

"ಆರೂವರೆನಾ? ಏನು ಕಟ್ಟಿದ್ರಿ?"

ಅವಳು ಹೇಳಿದಳು. ಷಡಕ್ಷರಪ್ಪ ಸುಳ್ಳು ಹೇಳುವ ಮನುಷ್ಯನಾಗಿರಲಿಲ್ಲ; ಹೇಳಬೇಕೆಂದು ಆಗ ಅನ್ನಿಸಿದ್ದರೂ ಅವರ ಮುಖವೇ ಅದನ್ನು ಬಿಟ್ಟುಕೊಡುತ್ತಿತ್ತು.

"ಅದಕ್ಕೆ ಕ್ಯಾರಿಯರ್ ಕೂರಿಸೋಕೆ ತೂತೇ ಇಲ್ಲಮ್ಮ. ಸೀಟಿನ ಬ್ಯಾಗಿನ ಮೇಲೆ ಅಷ್ಟು ಎತ್ತರಕ್ಕೆ ಕಟ್ಟಿದ್ರೆ... ಊರೊಳಗೆ ಏನೂ ಆಗಲ್ಲ. ಇಳಿಜಾರಲ್ಲಿ ಸ್ಪೀಡ್ ಬಂದಾಗ ಬಾಲ ಅಲ್ಲಾಡುತ್ತೆ. ಅಲ್ಲಾಡೋದಂತೂ ನಿಜ."

ಅಂಗಡಿಯ ಮುಂದೆ ಆಟೋಗಳು ಓಡಾಡುತ್ತಿದ್ದವು. ಉಚ್ಚಂಗಮ್ಮ ಅವುಗಳನ್ನೇ ನೋಡುತ್ತ ಕೂತಳು. ಅಳು ಬರಲಿಲ್ಲ. ಹನ್ನೊಂದು ವಾರದಿಂದ ಗೊತ್ತಿದ್ದದ್ದನ್ನೇ ಇವರೂ ಹೇಳಿದ್ದರು. ಷಡಕ್ಷರಪ್ಪ ಏನಾದರೂ ಮಾಡಬೇಕೆಂಬಂತೆ ಚಕ್ರವನ್ನು ಎತ್ತಿಕೊಂಡು, ಟಯರು ಬಿಡಿಸಿ, ಒಳಗಿನ ಟ್ಯೂಬು ಎಳೆದರು. ಅದು ಗೇಣುದ್ದ ಸೀಳಿ ಬಾಯಿ ಬಿಟ್ಟಿತ್ತು.

"ಟ್ಯೂಬೂ ಸಿಡಿದಿದೆಯಲ್ಲ" ಎಂದರು, ತಮ್ಮಷ್ಟಕ್ಕೆ ಹೇಳಿಕೊಂಡಂತೆ. "ಕಲ್ಲಿಗೆ ಬಡಿದಾಗ ಸಿಡೀತೋ, ಸಿಡಿದು ಬಿದ್ಲೋ. ಇಳಿಜಾರಲ್ಲಿ ಬ್ರೇಕ್ ಹಿಡೀತಾ ಬಂದ್ರೆ ರಿಮ್ಮು ಕಾಯುತ್ತೆ. ಗಾಳಿ ಜಾಸ್ತಿ ಇದ್ರೆ ಆವಾಗ ಸಿಡಿಯೋದೂ ಉಂಟು. ಯಾರು ನೋಡಿದಾರೆ, ಯಾರು ಹೇಳ್ತಾರೆ?" ಆಮೇಲೆ ಅವಳ ಕಡೆ ತಿರುಗಿ, "ಅಮ್ಮ, ಮನೆಯಿಂದ ಹೊರಟ ದಿನ ರಾತ್ರಿ ಅವಳು ನವುಲೇಲಿ ಬಿಂದುಶ್ರೀ ರೂಮಲ್ಲಿ ಉಳ್ಕೊಂಡಿದ್ಲು. ಮಾರನೇ ದಿನ ಬೆಳಿಗ್ಗೆ ಸೈಕಲ್ಲಿಗೆ ಬ್ಯಾಗ್ ಕಟ್ಟಿಸಿ ಕಳಿಸಿದ್ದು ಆ ಹುಡುಗಿನೇ. ಒಂದ್ಸಲ ಅವಳನ್ನ ಕೇಳಿ ನೋಡಿ" ಎಂದರು.

ಚಕ್ರವನ್ನು ಮತ್ತೆ ಹೊತ್ತುಕೊಂಡು ತಿರುಗುವುದು ಬೇಡವೆಂದು ಅಲ್ಲೇ ಬಿಟ್ಟು ಅವಳು ನವುಲೆಯ ಸಿಟಿ ಬಸ್ಸು ಹಿಡಿದಳು.

ಬಿಂದುಶ್ರೀ ಕೃಷಿ ಕಾಲೇಜಿನ ಮಣ್ಣು ಪರೀಕ್ಷೆಯ ವಿಭಾಗದಲ್ಲಿ ಕೆಲಸಕ್ಕಿದ್ದಳು. ಕಾಲೇಜಿನ ಆವರಣಕ್ಕೆ ಹತ್ತಿರದಲ್ಲೇ ಒಂದು ಮನೆಯ ಮಹಡಿಯ ಮೇಲೆ ಒಂಟಿ ಕೋಣೆ, ಪುಟ್ಟ ಅಡುಗೆ ಜಾಗ. ದಿವ್ಯಶ್ರೀ ಜೊತೆ ಸೈಕಲ್ಲು ತುಳಿಯುತ್ತಿದ್ದವಳು. ಭದ್ರಾವತಿಯ ಮನೆಗೆ ಎಷ್ಟೋ ಸಲ ಬಂದು ಉಂಡು ಹೋಗಿದ್ದವಳು. ಆದರೆ ಮಣ್ಣಿನ ದಿನ ಬಂದವಳು ಆಮೇಲೆ ಒಂದು ಸಲವೂ ಬಂದಿರಲಿಲ್ಲ, ಫೋನೂ ಮಾಡಿರಲಿಲ್ಲ. ಉಚ್ಚಂಗಮ್ಮನಿಗೆ ಅದೊಂದು ನೋವು ಬೇರೆ ಇತ್ತು. ಮಧ್ಯಾಹ್ನದ ಊಟಕ್ಕೆಂದು ರೂಮಿಗೆ ಬಂದಿದ್ದ ಬಿಂದುಶ್ರೀ ಬಾಗಿಲು ತೆಗೆದವಳೇ ಅಲ್ಲೇ ನಿಂತುಬಿಟ್ಟಳು. ಒಳಗೆ ಬನ್ನಿ ಎಂದೂ ಅನ್ನಲಿಲ್ಲ.

"ಒಂದ್ ಲೋಟ ನೀರು ಕೊಡಮ್ಮ. ಬಿಸಿಲಲ್ಲಿ ಬಂದೆ."

ಬಿಂದುಶ್ರೀ ಪಕ್ಕಕ್ಕೆ ಸರಿದಳು. ಉಚ್ಚಂಗಮ್ಮ ಒಳಗೆ ಕಾಲಿಟ್ಟು ಅಡುಗೆ ಜಾಗದ ಕಡೆ ನೋಡಿದಳು. ಕಪಾಟಿನ ಮೇಲೆ ಹಿಡಿಯಲ್ಲಿ ಸ್ಕ್ರೂ ಬದಲಿಗೆ ತಂತಿ ಸುತ್ತಿದ್ದ ಎರಡು ಲೀಟರಿನ ಕುಕ್ಕರು. ಅದರ ಪಕ್ಕ ಮಡಿಚಿಟ್ಟ ಕರಿ ಕಂಬಳಿ. ಕಂಬಳಿಯ ಮೇಲೆ ಸ್ಟೀಲ್ ಡಬ್ಬಿ.

ಆ ತಂತಿ ಸುತ್ತಿದವಳು ಉಚ್ಚಂಗಮ್ಮನೇ.

"ಆಂಟಿ..." ಬಿಂದುಶ್ರೀ ಹತ್ತಿರ ಬಂದಳು. "ತಂದು ಕೊಡೋಣ ಅಂತ ಎಷ್ಟು ಸಲ ಬಸ್ ಸ್ಟ್ಯಾಂಡಿಗೆ ಹೋದೆ ಗೊತ್ತಾ? ಹೆಂಗ್ ತಂದುಕೊಡ್ಲಿ? ಏನಂತ ಹೇಳಿ ಕೊಡ್ಲಿ?"

"ಇಲ್ಲೇ ಬಿಟ್ಟು ಹೋಗಿದ್ಲಾ?"

"ಬಂದ ತಕ್ಷಣ ಬಿಚ್ಚಿಟ್ಲು. ಇಲ್ಲಿಗೆ ಬರೋದ್ರೊಳಗೇ ಮೂರು ಸಲ ಜಾರಿತ್ತಂತೆ. 'ಅಮ್ಮಂಗೆ ಹೇಳ್ಬೇಡ ಕಣೇ, ನೊಂದ್ಕೋತಾಳೆ. ವಾಪಸ್ ಬರ್ತಾ ಎತ್ಕೊಂಡ್ ಹೋಗ್ತೀನಿ' ಅಂದ್ಲು. ಬೆಳಿಗ್ಗೆ ಅವಳ ಮೂರು ಬ್ಯಾಗು ಮಾತ್ರ ಕಟ್ಟಿಕೊಂಡು ಹೋಗಿದ್ದು. ನಾನೇ ಬೆಲ್ಟ್ ಎಳೆದು ಬಿಗಿದೆ."

ಉಚ್ಚಂಗಮ್ಮ ನೆಲದ ಮೇಲೆ ಕೂತಳು. ಆರೂವರೆ ಕೆಜಿ ಕೊಪ್ಪದ ಇಳಿಜಾರಿಗೆ ಹೋಗಿರಲೇ ಇಲ್ಲ. ನವುಲೆಯ ಈ ಕಪಾಟಿನ ಮೇಲೆ ಇತ್ತು. ಮಗಳನ್ನು ಬೀಳಿಸಿದ್ದು ಅವಳಲ್ಲ. ಹನ್ನೊಂದು ವಾರದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದ ಹಾಗಾಯಿತು. ಕಣ್ಣಲ್ಲಿ ನೀರು ಸುರಿಯತೊಡಗಿತು. "ನಾನಲ್ಲ ಕಣವ್ವ, ನಾನಲ್ಲ" ಎಂದು ಬಿಂದುಶ್ರೀಯ ಕೈ ಹಿಡಿದುಕೊಂಡು ಹೇಳಿದಳು. ಆ ಹುಡುಗಿಗೆ ಏನೂ ಅರ್ಥವಾಗದೆ, ಅವಳೂ ಪಕ್ಕದಲ್ಲಿ ಕೂತು ಅತ್ತಳು.

ಅತ್ತು ಮುಗಿದು ಮುಖ ಒರೆಸಿಕೊಳ್ಳುವಾಗ ಉಚ್ಚಂಗಮ್ಮನ ಕಣ್ಣು ಮತ್ತೆ ಡಬ್ಬಿಯ ಮೇಲೆ ಬಿತ್ತು.

"ಉಂಡೆ? ಉಂಡೆನಾದ್ರೂ ತಗೊಂಡ್ ಹೋದ್ಲಾ?"

ಬಿಂದುಶ್ರೀ ತಲೆ ತಗ್ಗಿಸಿದಳು.

"ಹೇಳವ್ವ."

"ಅವತ್ತು ರಾತ್ರಿ ಇಬ್ರೂ ಒಂದೊಂದು ತಿಂದ್ವಿ ಆಂಟಿ. ಮಿಕ್ಕಿದ್ದು... ಎಣ್ಣೆ ಬಿಡುತ್ತೆ, ಬ್ಯಾಗೆಲ್ಲ ಆಗುತ್ತೆ ಅಂತ ಇಲ್ಲೇ ಇಟ್ಲು."

ಉಚ್ಚಂಗಮ್ಮ ಎದ್ದು ಡಬ್ಬಿಯನ್ನು ಇಳಿಸಿ ಮುಚ್ಚಳ ತೆಗೆದಳು. ಹಳೆ ಎಣ್ಣೆಯ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಉಂಡೆಗಳು ಅವಳು ಜೋಡಿಸಿದ ಹಾಗೆಯೇ ಇದ್ದವು. ಮೇಲಿನ ಸಾಲಿನಲ್ಲಿ ಎರಡರ ಜಾಗ ಮಾತ್ರ ಖಾಲಿ.

"ತಿನ್ನೋಕಾಗ್ಲಿಲ್ಲ, ಬಿಸಾಕೋಕೂ ಆಗ್ಲಿಲ್ಲ" ಎಂದಳು ಬಿಂದುಶ್ರೀ.

ತೀರ್ಥಹಳ್ಳಿಯಿಂದ ಬಂದ ಆ ಫೋನು. ಈಗ್ತಾನೆ ತಿಂದೆ ಕಣಮ್ಮ. ಇನ್ನೂ ನಾಕು ಇಟ್ಕೊಂಡಿದೀನಿ. ಎಲ್ಲೋ ಒಂದು ಹೋಟೆಲಿನ ಮುಂದೆ ನಿಂತು, ಇಡ್ಲಿಯನ್ನೋ ಬನ್ನನ್ನೋ ತಿಂದು, ಅಮ್ಮನಿಗೆ ಖುಷಿಯಾಗಲಿ ಎಂದು ಅವಳು ಅಷ್ಟು ಸಲೀಸಾಗಿ ಹೇಳಿದ್ದಳು. ಉಚ್ಚಂಗಮ್ಮ ಆ ಮಾತನ್ನು ಹನ್ನೊಂದು ವಾರ ಒಳಗೊಳಗೇ ಕೇಳಿಸಿಕೊಂಡಿದ್ದಳು. ಬೇರೆಲ್ಲ ತಪ್ಪಿದರೂ ಕೊನೆಯ ಬೆಳಿಗ್ಗೆ ತನ್ನ ಕೈಯ ತುತ್ತು ಅವಳ ಹೊಟ್ಟೆಯಲ್ಲಿತ್ತು ಎಂಬುದೊಂದು ಉಳಿದಿತ್ತು. ಅದೂ ಈಗ ಇಲ್ಲ. ಮಗಳು ಅಮ್ಮ ಕೊಟ್ಟದ್ದರಲ್ಲಿ ಒಂದನ್ನೂ ಒಯ್ದಿರಲಿಲ್ಲ. ಒಯ್ಯದಿದ್ದದ್ದೇ ಒಳ್ಳೆಯದಾಯಿತು ಎಂದು ಸಮಾಧಾನಪಟ್ಟುಕೊಳ್ಳಬೇಕು, ಆದರೆ ಒಯ್ಯಲಿಲ್ಲವಲ್ಲ ಎಂಬುದೂ ಇತ್ತು. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದೋ ಅವಳಿಗೆ ತಿಳಿಯಲಿಲ್ಲ.

ಹೊರಡುವಾಗ ಬಿಂದುಶ್ರೀ ಸಾಮಾನುಗಳನ್ನು ಒಂದು ಚೀಲಕ್ಕೆ ತುಂಬಲು ಹೋದಳು. ಉಚ್ಚಂಗಮ್ಮ ತಡೆದಳು. "ಕುಕ್ಕರು, ಕಂಬಳಿ ನೀನೇ ಇಟ್ಕೋ. ಅನ್ನ ಮಾಡ್ಕೊಂಡು ಉಣ್ಣು, ಸೊರಗಿ ಹೋಗಿದೀಯ." ಡಬ್ಬಿಯನ್ನು ಮಾತ್ರ ತೆಗೆದುಕೊಂಡಳು. ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಕಾಲೇಜಿನ ಬೇಲಿಯ ಬುಡದಲ್ಲಿ ನಿಂತು, ಉಂಡೆಗಳನ್ನು ಒಂದೊಂದಾಗಿ ಪುಡಿ ಮಾಡಿ ಇರುವೆಗಳಿಗೆ ಹಾಕಿದಳು. ಖಾಲಿ ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು.

ರಾಮಯ್ಯ ಸಂಜೆ ಆರಕ್ಕೆ ಬಂದ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ಅಲ್ಲಿಂದಲೇ ಕೂಗಿದ.

"ಮುಂದಿನ ಚಕ್ರ ಎಲ್ಲಿ?"

"ಶಿವಮೊಗ್ಗಕ್ಕೆ ತಗೊಂಡ್ ಹೋಗಿದ್ದೆ. ಷಡಕ್ಷರಪ್ಪನೋರ ಅಂಗಡಿಗೆ. ಅಲ್ಲಿಂದ ನವುಲೆಗೂ ಹೋಗಿ ಬಂದೆ."

ಅವನು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತ. ಉಚ್ಚಂಗಮ್ಮ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದನ್ನು ಹೇಳಿದಳು.

"ರೀ, ಭಾರ ಇರ್ಲಿಲ್ಲ ಅವಳ ಹತ್ರ. ಕುಕ್ಕರು, ಕಂಬಳಿ ಎರಡೂ ಬಿಂದುಶ್ರೀ ರೂಮಲ್ಲೇ ಬಿಟ್ಟು ಹೋಗಿದ್ಲು. ನಾನೇ ಕಣ್ಣಾರೆ ನೋಡ್ಕೊಂಡ್ ಬಂದೆ."

"ಡಬ್ಬಿ?" ಅವನ ಕಣ್ಣು ಅವಳು ತೊಳೆದು ಬೋರಲು ಹಾಕಿದ್ದ ಡಬ್ಬಿಯ ಮೇಲೆ ಹೋಯಿತು. "ಉಂಡೆ ತಿಂದೆ ಅಂದಿದ್ಲಲ್ಲ?"

"ಉಂಡೆ ಒಂದು ಕವರಿಗೆ ಹಾಕ್ಕೊಂಡ್ ಹೋಗಿದ್ಲಂತೆ. ಬರೀ ಡಬ್ಬಿ ಬಿಟ್ಟಿದ್ಲು." ಎಷ್ಟು ಸಲೀಸಾಗಿ ಬಂತು ಆ ಮಾತು ಎಂದು ಅವಳಿಗೇ ಆಶ್ಚರ್ಯವಾಯಿತು.

ರಾಮಯ್ಯ ಹೊಸ್ತಿಲ ಮೇಲೆ ಕೂತ. ಅವನ ಮುಖದಲ್ಲಿ ಸಮಾಧಾನ ಬರಬಹುದು, 'ಅವತ್ತು ಹಾಗೆ ಅನ್ನಬಾರದಿತ್ತು' ಎಂದು ಒಂದು ಮಾತಾದರೂ ಬರಬಹುದು ಎಂದು ಅವಳು ಕಾದಳು. ಅವನ ಮುಖ ಬೂದಿಯಂತಾಗಿತ್ತು.

"ಭಾರ ಇರ್ಲಿಲ್ವಾ?" ಎಂದ. "ಹಂಗಾದ್ರೆ..."

"ಹಂಗಾದ್ರೆ ಏನು?"

"ಅವಳು ಹೊರಟ ದಿನ ಬೆಳಿಗ್ಗೆ ನೀನು ಒಳಗೆ ಬುತ್ತಿ ಕಟ್ತಾ ಇದ್ದೆ. ಚಕ್ರಕ್ಕೆ ಗಾಳಿ ಹೊಡ್ದಿದ್ದು ನಾನು. ಅವಳು 'ಸಾಕಪ್ಪ, ಸಾಕು, ಪಂಪಿನ ಮೀಟ್ರು ನೋಡು' ಅಂದ್ಲು. ದೂರದ ದಾರಿ, ಗಟ್ಟಿ ಇರ್ಲಿ ಅಂತ ಇನ್ನೂ ಹೊಡ್ದೆ. ಕಲ್ಲಿನಂಗೆ ಆಗೋವರೆಗೂ ಹೊಡ್ದೆ ಕಣೇ." ಅವನು ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. "ಗಾಳಿ ಜಾಸ್ತಿ ಆದ್ರೆ ಇಳಿಜಾರಲ್ಲಿ ಸಿಡಿಯುತ್ತೆ ಅಂತ ಆಮೇಲೆ ಯಾರೋ ಅಂದ್ರು. ಅವತ್ತಿಂದ ನಂಗೆ ನಿದ್ದೆ ಇಲ್ಲ. ಭಾರಕ್ಕೇ ಬಿದ್ಲು ಅಂತ ನಂಬ್ಕೊಂಡಿದ್ದೆ. ನಿನ್ ಮೇಲೆ ಹಾಕ್ಬಿಟ್ಟೆ."

ಹನ್ನೊಂದು ವಾರ ಅವನೂ ತನ್ನ ಹಾಗೆಯೇ ಒಳಗೇ ಬೆಂದಿದ್ದ. ಒಂದೇ ಮನೆಯಲ್ಲಿ, ಒಂದೇ ಗೋಡೆಗೆ ಒರಗಿಕೊಂಡು, ಇಬ್ಬರೂ ಬೇರೆಬೇರೆಯಾಗಿ. ಉಚ್ಚಂಗಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಅವರು ಟ್ಯೂಬ್ ಬಿಚ್ಚಿ ನೋಡಿದ್ರಾ?" ರಾಮಯ್ಯ ತಲೆ ಎತ್ತದೆ ಕೇಳಿದ.

ಷಡಕ್ಷರಪ್ಪನವರ ಕೈಯಲ್ಲಿ ಬಾಯಿ ಬಿಟ್ಟುಕೊಂಡಿದ್ದ ಆ ಕಪ್ಪು ರಬ್ಬರು ಅವಳ ಕಣ್ಣಿಗೆ ಬಂತು. ಯಾರು ನೋಡಿದಾರೆ, ಯಾರು ಹೇಳ್ತಾರೆ ಎಂದಿದ್ದರು ಅವರು. ಆದರೆ ಈ ಮನುಷ್ಯ ಅಷ್ಟಕ್ಕೆ ಬಿಡುವವನಲ್ಲ. ಸಿಡಿದಿತ್ತು ಎಂಬ ಒಂದು ಮಾತು ಸಾಕು, ಸಾಯುವವರೆಗೆ ಅದನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ.

"ನೋಡಿದ್ರು" ಎಂದಳು. "ಟ್ಯೂಬಿಗೆ ಏನೂ ಆಗಿಲ್ವಂತೆ. ಇಷ್ಟು ದಿನಕ್ಕೆ ಗಾಳಿ ತಾನಾಗೇ ಇಳಿದಿದೆ, ಅಷ್ಟೇ ಅಂತೆ. ತಿರುವಲ್ಲಿ ಮರಳಿಗೆ ಜಾರಿರ್ಬೇಕು ಅಂದ್ರು. ಯಾರ್ ತಪ್ಪೂ ಅಲ್ಲ ಅಂದ್ರು."

"ಆಣೆ ಮಾಡು."

"ದಿವ್ಯಾ ಮೇಲಾಣೆ."

ರಾಮಯ್ಯ ಹೊಸ್ತಿಲ ಮೇಲೆ ಮುಖ ಮುಚ್ಚಿಕೊಂಡು ಅಳತೊಡಗಿದ. ಮಗಳನ್ನು ಮಣ್ಣು ಮಾಡಿದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಉಚ್ಚಂಗಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು, ಅವನು ಅತ್ತು ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದಳು. ಅವನು ಎದ್ದು ಮುಖ ತೊಳೆದು, ತಾನಾಗಿಯೇ ತಟ್ಟೆ ಹಾಕಿಕೊಂಡ. ಎರಡು ಮುದ್ದೆ ಉಂಡ.

ಮಾರನೆಯ ಬೆಳಿಗ್ಗೆ ಅವನು ಗೋದಾಮಿಗೆ ಹೋದ ಮೇಲೆ ಉಚ್ಚಂಗಮ್ಮ ಷಡಕ್ಷರಪ್ಪನವರಿಗೆ ಫೋನ್ ಮಾಡಿದಳು.

"ಯಜಮಾನ್ರೇ, ಆ ಟ್ಯೂಬು ಬಿಸಾಕಿಬಿಡಿ. ನಮ್ಮೋರು ಬಂದು ಕೇಳಿದ್ರೆ ಚೆನ್ನಾಗಿತ್ತು ಅನ್ನಿ."

 "ಆಯ್ತಮ್ಮ" ಎಂದರು ಅವರು. ಬೇರೇನೂ ಕೇಳಲಿಲ್ಲ.

ಫೋನ್ ಇಟ್ಟು ಅವಳು ಬಾಗಿಲಲ್ಲಿ ನಿಂತಳು. ಬೀದಿಯಲ್ಲಿ ಯಾರೋ ನೀರು ಹಿಡಿಯುತ್ತಿದ್ದರು. ತಿಂಡಿ ಆಯ್ತಾ ಎಂದು ಕೇಳಿದರು, ಹೂಂ ಎಂದಳು. ಉಂಡೆಯ ವಿಷಯ, ಟ್ಯೂಬಿನ ವಿಷಯ ಎರಡೂ ಈಗ ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಇಂಥದ್ದೇನಾದರೂ ಇದ್ದರೆ, ರಾಮಯ್ಯನಿಗೆ ಹೇಳಲಾಗದ್ದು, ಹೊಟ್ಟೆಯಲ್ಲಿಟ್ಟುಕೊಳ್ಳಲಾಗದ್ದು, ಇಷ್ಟು ವರ್ಷ ಅವಳು ಹೇಳಿಕೊಳ್ಳುತ್ತಿದ್ದದ್ದು ಮಗಳ ಹತ್ತಿರ.